ಖಾರ ಹತ್ತಿದ ಕೈ, ಮುಟ್ಟಿನ ದಿನ

‘ನಡುವ ಅಲ್ಲಿಗೆ ಕೈ ಹೋಗೂ ಪ್ರಮೇಯನ ಇಲ್ರಿ ಅಕ್ಕಾರ!’

ಬ್ಯಾಡಗಿಯ ಗೋದಾಮೊಂದರ ನೆರಳಿನಲ್ಲಿ ಮೆಣಸಿನಕಾಯಿ ರಾಶಿಯ ಸುತ್ತ ಕುಳಿತಿದ್ದ ಹೆಂಗಸರಲ್ಲಿ ಒಬ್ಬಾಕೆ ಹೀಗೆ ಅಂದಾಗ ಉಳಿದವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ಆ ಒಂದು ಮಾತು ಬಹಳ ಕಾಲದಿಂದ ಕಾಡುತ್ತಿದ್ದ ಪ್ರಶ್ನೆಗೆ ಉತ್ತರವಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೈ ಅದು. ಆ ಕೈಯಲ್ಲಿ ಕಣ್ಣು ಮುಟ್ಟಿಕೊಂಡರೆ ಮುಗಿಯಿತು. ಹಾಗಿರುವಾಗ ಮುಟ್ಟಿನ ದಿನಗಳಲ್ಲಿ ಬಟ್ಟೆಯನ್ನೋ ಪ್ಯಾಡನ್ನೋ ಬದಲಿಸುವುದು ಹೇಗೆ? ಇದನ್ನು ಕೇಳಬೇಕೆಂದೇ ನಾನು ಬ್ಯಾಡಗಿಗೆ ಹೋಗಿದ್ದೆ.

ಆಕೆಯ ವಯಸ್ಸು ಮೂವತ್ತೈದರ ಆಸುಪಾಸು. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕಿರುವ ತಂಗಿ ತಂದುಕೊಟ್ಟ ಮುಟ್ಟಿನ ಕಪ್ ಬಳಸುತ್ತಾಳೆ. ಮೊದಲ ತಿಂಗಳು ಹೆದರಿ ಪೆಟ್ಟಿಗೆಯಲ್ಲೇ ಇಟ್ಟಿದ್ದಳಂತೆ. ಆಮೇಲೆ ತಾನೇ ಒಂದು ಕ್ರಮ ಕಂಡುಕೊಂಡಳು. ‘ಮುಂಜಾನೆ ಜಳಕ ಮಾಡಿ, ಕೈಗೆ ಖಾರ ಹತ್ತೂಕಿಂತ ಮೊದ್ಲ ಹಾಕ್ಕೊಂಡ ಬರ್ತೀನ್ರಿ. ಸಂಜಿಗೆ ಮನಿಗೆ ಹೋಗಿ, ಕೈಗೆ ಎಣ್ಣಿ ಹಚ್ಚಿ ತಿಕ್ಕಿ, ಸಾಬೂನು ಹಾಕಿ ತೊಳಕೊಂಡ ಮ್ಯಾಲೇ ತೆಗಿಯೂದು. ಅರಿವಿ ಆದ್ರ ಮಧ್ಯಾಹ್ನ ಬದಲಿ ಮಾಡ್ಲೇಬೇಕು. ಹಂಗ ಮಾಡಿದಾಗ ಉರಿ ಅಂದ್ರ ಉರಿ. ಎರಡ ದಿನ ಕುಂದ್ರಾಕ ಆಗ್ತಿರಲಿಲ್ಲ.’

ಎಂಥ ಅಚ್ಚುಕಟ್ಟಾದ ಲೆಕ್ಕ! ದೇಹದೊಳಗೆ ಇಡಬೇಕಾದ ಕಪ್ ಮೆಣಸಿನಕಾಯಿ ಕೆಲಸದವರಿಗೆ ಆಗದ ಮಾತು ಎಂದೇ ಹೊರಗಿನವರು ಎಣಿಸುತ್ತಾರೆ. ಆಕೆಗೆ ಅದೇ ಕಪ್ ಹೆಚ್ಚು ಹೊಂದಿಕೊಂಡಿದೆ. ಹೆಚ್ಚೆಂದರೆ ಹನ್ನೆರಡು ಗಂಟೆಯವರೆಗೆ ಕಪ್ ಒಳಗಿರಬಹುದು. ಕೆಲಸದ ಇಡೀ ಹೊತ್ತು ಅಷ್ಟರೊಳಗೆ ಕಳೆಯುತ್ತದೆ, ಖಾರದ ಕೈ ಅತ್ತ ಹೋಗುವುದೇ ಇಲ್ಲ.

ಈ ಖಾರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಡಗಿ ಮೆಣಸಿನಕಾಯಿಯ ಹೆಸರಿರುವುದು ಬಣ್ಣಕ್ಕೆ, ಖಾರಕ್ಕಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಾಯಿ, ಅದು ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಗುಂಟೂರಿನ ಕಾಯಿಯ ಮುಂದೆ ಸಾಧುವೇ. ಆದರೆ ಒಂದೆರಡು ಕಾಯಿ ಮುರಿಯುವುದಕ್ಕೂ ದಿನವಿಡೀ ರಾಶಿಗಟ್ಟಲೆ ಬಿಡಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಹೆಚ್ಚಾಗಿ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಆ ತಿರುಳು ತೊಟ್ಟಿನ ಬುಡದಲ್ಲೇ ಶುರುವಾಗುತ್ತದೆ. ಅಂದರೆ ತೊಟ್ಟು ಕೀಳುವವಳ ಬೆರಳು ಪ್ರತಿ ಸಲವೂ ಖಾರದ ಮೂಲಕ್ಕೇ ತಗಲುತ್ತದೆ. ಜೊತೆಗೆ ಒಣಕಾಯಿಯ ದೂಳು ಉಗುರಿನ ಸಂದಿಯಲ್ಲಿ ಕೂರುತ್ತದೆ.

ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಬರೀ ನೀರಿನಲ್ಲಿ ಕೈ ತೊಳೆದವಳು ಖಾರವನ್ನು ಬೆರಳಿನಿಂದ ಅಂಗೈಗೆ ಹರಡಿಕೊಂಡಂತೆ. ಇನ್ನು ಉರಿ. ಅದು ಗಾಯದ ಉರಿಯಲ್ಲ. ಬಿಸಿ ತಗಲಿದಾಗ ಎಚ್ಚರಿಸಲೆಂದು ನರಗಳ ತುದಿಯಲ್ಲಿರುವ ಗ್ರಾಹಕವನ್ನೇ ಕ್ಯಾಪ್ಸೈಸಿನ್ ಕೆಣಕುತ್ತದೆ, ಸುಟ್ಟಿತೆಂದು ಮೆದುಳು ನಂಬುತ್ತದೆ. ಈ ಗ್ರಾಹಕವನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾಲು ಬಂತು. ಅವರ ಹುಡುಕಾಟಕ್ಕೆ ದಾರಿ ತೋರಿದ್ದು ಮೆಣಸಿನಕಾಯಿಯ ಈ ಕ್ಯಾಪ್ಸೈಸಿನ್ನೇ. ಅಂಗೈಯ ದಪ್ಪ ಚರ್ಮ ಆ ಉರಿಯನ್ನು ತಡೆದುಕೊಳ್ಳುತ್ತದೆ, ಒಳ ಅಂಗಗಳ ತೆಳು ಪೊರೆ ತಡೆಯುವುದಿಲ್ಲ.

ಹಾಗಾಗಿ ಮೊದಲು ಎಣ್ಣೆ, ಆಮೇಲೆ ಸಾಬೂನು ಎಂಬ ಗೋದಾಮಿನ ಹೆಂಗಸರ ಕ್ರಮವೇ ಸರಿ. ಶೇಂಗಾ ಎಣ್ಣೆಯೋ ಕೊಬ್ಬರಿ ಎಣ್ಣೆಯೋ ಖಾರವನ್ನು ಸೆಳೆದುಕೊಳ್ಳುತ್ತದೆ, ಸಾಬೂನು ಎಣ್ಣೆಯನ್ನು ತೆಗೆಯುತ್ತದೆ. ಜಿಡ್ಡು ಪೂರ್ತಿ ಹೋಗುವವರೆಗೆ ತೊಳೆಯಬೇಕು, ಉಗುರಿನ ಸಂದಿಯನ್ನು ಬಿಡದೆ. ಎಣ್ಣೆಗೈಯಲ್ಲಿ ಬಟ್ಟೆಯ ಪ್ಯಾಡು ಮುಟ್ಟಿದರೆ ಅದರ ಹೀರುವ ಗುಣ ಕೆಡುತ್ತದೆ. ಸಿಲಿಕೋನ್ ಕಪ್ಪಿಗೂ ಎಣ್ಣೆ ಒಳ್ಳೆಯದಲ್ಲ.

ಕಪ್ ಎಂದರೆ ವೈದ್ಯಕೀಯ ದರ್ಜೆಯ ಮೆತ್ತನೆಯ ಸಿಲಿಕೋನ್ ಬಟ್ಟಲು. ಮಡಚಿ ಒಳಗಿಟ್ಟರೆ ತಾನೇ ಬಿಚ್ಚಿಕೊಂಡು ಕೂರುತ್ತದೆ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ ಒಟ್ಟು 30–40 ಮಿಲಿ ಲೀಟರ್. 80 ಮೀರಿದರೆ ಅದು ಅತಿಸ್ರಾವ, ವೈದ್ಯರನ್ನು ಕಾಣಬೇಕು. ಒಂದು ಕಪ್ಪಿನಲ್ಲಿ ಸುಮಾರು 20–30 ಮಿಲಿ ಲೀಟರ್ ಹಿಡಿಯುತ್ತದೆ. ಸ್ರಾವ ಹೆಚ್ಚಿರುವ ದಿನ ಬೇಗ ಖಾಲಿ ಮಾಡಬೇಕು, ಉಳಿದ ದಿನ 8ರಿಂದ 12 ಗಂಟೆಗೊಮ್ಮೆ. ತೆಗೆಯುವಾಗ ನೇರ ಎಳೆಯದೆ, ಬುಡವನ್ನು ಒತ್ತಿ ಹಿಡಿತ ಬಿಡಿಸಬೇಕು. ಕಾಪರ್ ಟಿ ಹಾಕಿಸಿಕೊಂಡವರು ಮೊದಲು ವೈದ್ಯರನ್ನು ಕೇಳಲೇಬೇಕು, ಎಳೆತಕ್ಕೆ ಅದು ಜಾರುವ ಸಂಭವವಿದೆ. ಮುಟ್ಟು ಶುರುವಾಗುವ ಮುನ್ನ ಮತ್ತು ಮುಗಿದ ಮೇಲೆ ಕಪ್ಪನ್ನು ಕುದಿಸಬೇಕು. ಅದಕ್ಕೆಂದೇ ಆಕೆ ಹಳೆಯ ಸ್ಟೀಲ್ ಗಿಂಡಿಯೊಂದನ್ನು ಬೇರೆ ಇಟ್ಟಿದ್ದಾಳೆ. ಅತ್ತೆಗೆ ಗೊತ್ತೇ ಎಂದು ಕೇಳಿದೆ. ‘ಗೊತ್ತೈತ್ರಿ. ಈಗ ನಮ್ಮತ್ತೀನ ಒಲಿ ಮ್ಯಾಲ ಇಟ್ಟ ಕೊಡ್ತಾಳ’ ಎಂದಳು.

ಎಲ್ಲರೂ ಆಕೆಯ ಪಕ್ಷವಲ್ಲ. ಪಕ್ಕದಲ್ಲಿದ್ದ ಹಿರಿಯಾಕೆಗೆ ಒಳಗಿಡುವ ಮಾತೇ ಒಪ್ಪಿಗೆಯಿಲ್ಲ. ‘ನಮ್ಮ ಕಾಲಕ್ಕ ಹಳೇ ಸೀರಿ ಅರಿವಿನ ಸಾಕಾಗಿತ್ತು. ಒಕ್ಕೊಂಡು ಒಣಗ್ಸಿದ್ರ ಆತು’ ಎಂದರು. ನನ್ನ ಮನಸ್ಸೂ ಬಟ್ಟೆಯ ಕಡೆಗೇ ವಾಲುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಹತ್ತು ವರ್ಷ ಉಟ್ಟು ಮೆತ್ತಗಾದ ಹತ್ತಿ ಸೀರೆಯಷ್ಟು ಮೈಗೆ ಹಿತವಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಬಟ್ಟೆಗೆ ಕೆಟ್ಟ ಹೆಸರು ತಂದದ್ದು ನಾವು ಅದನ್ನು ಒಣಗಿಸುವ ರೀತಿ. ತಣ್ಣೀರಿನಲ್ಲಿ ನೆನೆಸಿ ಕಲೆ ಬಿಡಿಸಬೇಕು, ಬಿಸಿನೀರು ಹಾಕಿದರೆ ರಕ್ತದ ಕಲೆ ನೂಲಿನಲ್ಲಿ ಕಚ್ಚಿಕೊಳ್ಳುತ್ತದೆ. ಸಾಬೂನು ಹಾಕಿ ಒಗೆದು ಬಿಸಿಲಿಗೆ ಹರವಬೇಕು. ನಾವು ಒಣಗಿಸುವುದು ಸೀರೆಯ ಮಡಿಕೆಯ ಕೆಳಗೆ, ಬಚ್ಚಲ ಮೂಲೆಯಲ್ಲಿ, ಯಾರಿಗೂ ಕಾಣದಂತೆ. ಹಸಿ ಉಳಿಯುವುದು ಅಲ್ಲೇ, ತುರಿಕೆ–ಸೋಂಕು ಹುಟ್ಟುವುದೂ ಅಲ್ಲೇ.

ಸರ್ಕಾರದ ಅಂಕಿಗಳೂ ಬಟ್ಟೆಗೆ ನ್ಯಾಯ ಮಾಡಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 77ರಷ್ಟು ಮಂದಿ ‘ನೈರ್ಮಲ್ಯದ ವಿಧಾನ’ ಬಳಸುತ್ತಾರೆ ಎಂದಿತು. ಆ ಪಟ್ಟಿಯಲ್ಲಿ ಪ್ಯಾಡು, ಟ್ಯಾಂಪೂನು, ಕಪ್ ಇವೆ. ಬಟ್ಟೆ ಇಲ್ಲ. ಅದೇ ಸಮೀಕ್ಷೆಯ ಪ್ರಕಾರ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬಟ್ಟೆಯನ್ನೂ ಬಳಸುತ್ತಾರೆ. ಬಿಸಿಲಲ್ಲಿ ಒಣಗಿದ ಶುಭ್ರ ಬಟ್ಟೆ ಅನೈರ್ಮಲ್ಯ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಬದಲಿಸದ ಪ್ಯಾಡು ನೈರ್ಮಲ್ಯ ಎಂದು ಬರೆದುಕೊಳ್ಳುವ ಲೆಕ್ಕವನ್ನು ನಾನು ಒಪ್ಪಲಾರೆ. ಮರುಬಳಕೆಯ ಪ್ಯಾಡಿಗೆ 2021ರಲ್ಲಿ ಭಾರತೀಯ ಮಾನಕ ಬ್ಯೂರೊ ತನ್ನ ಮಾನದಂಡವನ್ನೇ ರೂಪಿಸಿದೆ. ಸಮೀಕ್ಷೆಯ ಪ್ರಶ್ನೆಗಳೂ ಬದಲಾಗಲಿ.

ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಬಂದರೆ ಕಷ್ಟದ ಸ್ವರೂಪವೇ ಬೇರೆ. ಇದು ಬೀಜದ ಊರು. ಸುತ್ತಲಿನ ಹಳ್ಳಿಗಳಲ್ಲಿ ಹೈಬ್ರಿಡ್ ಬೀಜೋತ್ಪಾದನೆಗೆ ಹೆಂಗಸರು ‘ಕ್ರಾಸಿಂಗ್’ ಕೆಲಸಕ್ಕೆ ಹೋಗುತ್ತಾರೆ. ಹತ್ತಿಯಲ್ಲಾದರೆ ಮಧ್ಯಾಹ್ನದ ಮೇಲೆ ಮರುದಿನ ಅರಳುವ ಮೊಗ್ಗಿನ ಗಂಡು ಕೇಸರಗಳನ್ನು ಬಿಡಿಸಬೇಕು, ಮಾರನೆಯ ಬೆಳಿಗ್ಗೆ ಪರಾಗ ಮುಟ್ಟಿಸಬೇಕು. ಹೂವು ಯಾರ ಮುಟ್ಟಿಗೂ ಕಾಯುವುದಿಲ್ಲ. ಸಾಲು ಬಿಟ್ಟು ದೂರ ಹೋದರೆ ಕೆಲಸ ಹಿಂದೆ ಬೀಳುತ್ತದೆ, ಹೋಗದಿದ್ದರೆ ಬಟ್ಟೆ ತೋಯುತ್ತದೆ. ‘ಗೋವಿನಜೋಳದ ಹೊಲದಾಗ ಆದ್ರ ಮರಿ ಇರತೈತಿ. ಹತ್ತಿ ಸೊಂಟದ ಮಟ ಅಷ್ಟ. ಎಲ್ಲಿ ಹೋಗೂದು?’ ಎಂದು ಕ್ರಾಸಿಂಗಿಗೆ ಹೋಗುವ ಹುಡುಗಿಯೊಬ್ಬಳು ಕೇಳಿದಳು. ಬೆಳೆಯ ಎತ್ತರದ ಮೇಲೆ ಹೆಣ್ಣಿನ ಮಾನ ನಿಂತಿರುವ ಈ ಸ್ಥಿತಿಯನ್ನು ಯಾವ ಬೀಜ ಕಂಪನಿಯೂ ಯಾವ ಹೊಲದ ಮಾಲೀಕನೂ ತನ್ನ ಖರ್ಚಿನ ಪಟ್ಟಿಗೆ ಸೇರಿಸಿದ್ದನ್ನು ನಾನು ಕಂಡಿಲ್ಲ. ನಾಲ್ಕು ಕಂಬ, ಸುತ್ತ ತಟ್ಟು, ಒಂದು ಕೊಡ ನೀರು, ಒಂದು ಸಾಬೂನು ಸಾಕು.

ಈ ಎರಡೂ ಊರುಗಳ ಜಿಲ್ಲಾ ಕೇಂದ್ರ ಹಾವೇರಿಯ ಕಥೆ ಬಸ್ಸಿನದು. 1997ರಲ್ಲಿ ಜಿಲ್ಲಾ ಕೇಂದ್ರವಾದಂದಿನಿಂದ ಕಚೇರಿ, ಕಾಲೇಜು, ಆಸ್ಪತ್ರೆ ಎಂದು ಹಳ್ಳಿಗಳ ಹೆಣ್ಣುಮಕ್ಕಳು ಇಲ್ಲಿಗೆ ಬರುತ್ತಿದ್ದಾರೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಓಡಾಟ ಇನ್ನೂ ಹೆಚ್ಚಿದೆ. ಬೆಳಿಗ್ಗೆ ಮನೆ ಬಿಟ್ಟರೆ ತಿರುಗಿ ಸೇರುವುದು ಸಂಜೆಗೆ. ಈ ಭಾಗದ ಬಸ್ ನಿಲ್ದಾಣವೊಂದರ ಶೌಚಾಲಯದಲ್ಲಿ ನಾನು ಕಂಡದ್ದು ಚಿಲಕವಿಲ್ಲದ ಬಾಗಿಲು, ಒಳಗೆ ನಲ್ಲಿಯಿಲ್ಲದ ಗೋಡೆ, ಕಸದ ಬುಟ್ಟಿಯಿಲ್ಲದ ಮೂಲೆ. ಬಳಸಿದ ಪ್ಯಾಡುಗಳು ಕಿಟಕಿಯ ಕಟ್ಟೆ ಮೇಲಿದ್ದವು. ಪ್ಯಾಡಿನ ಜೊತೆ ಅದನ್ನು ಸುತ್ತಿ ಎಸೆಯಲು ಚೀಲ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ತಯಾರಕರಿಗೆ ಹೇಳಿದವು. ಸುತ್ತಿದ ಮೇಲೆ ಹಾಕಲು ಬುಟ್ಟಿ ಬೇಡವೇ? ಪ್ಯಾಡಿನ ಪ್ಲಾಸ್ಟಿಕ್ ಪದರಗಳು ಮಣ್ಣಲ್ಲಿ ಕರಗುವುದಿಲ್ಲ, ಚರಂಡಿ ಕಟ್ಟುತ್ತವೆ, ಕೊನೆಗೆ ಪೌರಕಾರ್ಮಿಕರ ಕೈಗೆ ಬರುತ್ತವೆ.

ಇಂಥಲ್ಲಿ ಮರುಬಳಕೆಯ ವಸ್ತು ಇಟ್ಟುಕೊಂಡವರಿಗೆ ಅನುಭವಸ್ಥರು ಹೇಳುವ ಉಪಾಯಗಳಿವೆ. ಬಟ್ಟೆಯ ಪ್ಯಾಡಾದರೆ ನೀರು ಸೋರದ ಸಣ್ಣ ಚೀಲ ಜೊತೆಗಿರಲಿ. ಬಳಸಿದ್ದನ್ನು ಒಳಮುಖ ಮಡಚಿ ಹಾಕಿ, ಮನೆಗೆ ಬಂದ ತಕ್ಷಣ ತಣ್ಣೀರಿಗೆ ಬಿಡಿ. ಚೀಲದಲ್ಲೇ ರಾತ್ರಿ ಕಳೆಯುವುದು ಬೇಡ. ಕಪ್ ಆದರೆ ಮನೆ ಬಿಡುವ ಮುನ್ನ ಖಾಲಿ ಮಾಡಿ ಹೊರಡಿ. ದಾರಿಯಲ್ಲಿ ತೆಗೆಯಲೇಬೇಕಾದರೆ ಶೌಚಾಲಯದ ಒಳಗೆ ಹೋಗುವ ಮೊದಲೇ ಸಾಬೂನಿನಲ್ಲಿ ಕೈ ತೊಳೆಯಿರಿ, ಕಪ್ ತೊಳೆಯಲು ಕುಡಿಯುವ ನೀರಿನ ಬಾಟಲಿ ಒಯ್ಯಿರಿ. ಕಪ್ಪನ್ನು ಗಾಳಿಯಾಡುವ ಬಟ್ಟೆ ಚೀಲದಲ್ಲಿಡಿ, ಬಿಗಿ ಡಬ್ಬಿಯಲ್ಲಿ ಅಲ್ಲ. ಬ್ಯಾಡಗಿಯವರಾದರೆ ಖಾರದ ಪುಡಿ ಸೋಕದ ಜಾಗದಲ್ಲಿಡಿ!

ಕಪ್ ಹೊಸ ಸರಕೇನಲ್ಲ. ಅಮೆರಿಕದ ನಟಿ ಲಿಯೋನಾ ಚಾಮರ್ಸ್ ರಬ್ಬರಿನ ಕಪ್ಪಿಗೆ 1937ರಲ್ಲೇ ಪೇಟೆಂಟ್ ಪಡೆದಿದ್ದರು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆ 43 ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಸೋರಿಕೆ ತಡೆಯುವುದರಲ್ಲಿ ಕಪ್ ಪ್ಯಾಡಿಗೆ ಕಡಿಮೆಯಲ್ಲ, ಬಳಸಿ ನೋಡಿದವರಲ್ಲಿ ಸುಮಾರು ಶೇ 70ರಷ್ಟು ಮಂದಿ ಮುಂದುವರಿಸಲು ಬಯಸಿದರು ಎಂದಿತು. ರೂಢಿಯಾಗಲು ಎರಡು ಮೂರು ತಿಂಗಳು ಬೇಕು ಎಂಬುದೂ ಅಂಥ ಅಧ್ಯಯನಗಳಿಂದ ತಿಳಿದದ್ದೇ. ಅದೇ ವರ್ಷ ಕೇರಳದ ಆಲಪ್ಪುಳದಲ್ಲಿ 5,000 ಕಪ್ ಹಂಚಿದರು. ನಮ್ಮಲ್ಲಿ 2013–14ರಲ್ಲಿ ಶುರುವಾದ ಶುಚಿ ಯೋಜನೆ ಶಾಲಾ ಬಾಲಕಿಯರಿಗೆ ಪ್ಯಾಡು ಕೊಟ್ಟಿತು, ಕೆಲ ವರ್ಷ ನಿಂತು ಮತ್ತೆ ಚಾಲೂ ಆಯಿತು. 2023ರಲ್ಲಿ ‘ಶುಚಿ–ನನ್ನ ಮೈತ್ರಿ’ ಎಂದು ದಕ್ಷಿಣ ಕನ್ನಡ ಮತ್ತು ಚಾಮರಾಜನಗರದಲ್ಲಿ ಪ್ರಾಯೋಗಿಕವಾಗಿ ಕಪ್ ಹಂಚಿದರು. ಹಾವೇರಿಗೂ ಅದು ಬರಲಿ, ಶಾಲೆ ಬಿಟ್ಟು ಗೋದಾಮಿಗೆ, ಹೊಲಕ್ಕೆ ಹೋಗುವವರಿಗೂ ಸಿಗಲಿ.

ಮುಟ್ಟನ್ನು ಮುಚ್ಚಿಡುವ ಸಂಕೋಚ ಈ ನೆಲಕ್ಕೆ ತಕ್ಕದ್ದೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ರಜಸ್ಸೂತಕ, ಅಂದರೆ ಮುಟ್ಟಿನ ಮೈಲಿಗೆಯೂ ಒಂದು. ಆ ಶರಣರಲ್ಲೊಬ್ಬನಾದ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರ ರಾಣೆಬೆನ್ನೂರು ತಾಲ್ಲೂಕಿನಲ್ಲೇ, ತುಂಗಭದ್ರೆಯ ದಡದಲ್ಲಿದೆ. ಅಂಥ ಪರಂಪರೆಯ ಮನೆಗಳಲ್ಲೂ ಮುಟ್ಟಿನ ಅರಿವಿ ಕತ್ತಲಲ್ಲಿ ಒಣಗುತ್ತಿದೆ ಎಂಬುದು ನನಗೆ ಬೇಸರದ ಸಂಗತಿ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೊಂದು ದಿನ ವೇತನ ಸಹಿತ ಮುಟ್ಟಿನ ರಜೆಗೆ ಒಪ್ಪಿತು. ಒಳ್ಳೆಯ ಹೆಜ್ಜೆ. ಆದರೆ ಕೆ.ಜಿ. ಲೆಕ್ಕದಲ್ಲಿ ತೊಟ್ಟು ಬಿಡಿಸುವವಳಿಗೆ, ದಿನಗೂಲಿಗೆ ಹೂವು ಕ್ರಾಸ್ ಮಾಡುವವಳಿಗೆ ರಜೆ ಬರೆದುಕೊಡುವವರು ಯಾರು? ಅವರ ಕೆಲಸ ನಿಲ್ಲುವುದಿಲ್ಲ. ಹಾಗಾಗಿ ಕೆಲಸದ ಜಾಗವೇ ಬದಲಾಗಬೇಕು. ಸೋಮವಾರ, ಗುರುವಾರದ ವಹಿವಾಟಿನಲ್ಲಿ ಕೋಟಿಗಟ್ಟಲೆ ರೂಪಾಯಿ ಕೈ ಬದಲಾಗುವ ಪೇಟೆ ಬ್ಯಾಡಗಿಯದು. ತೊಟ್ಟು ಬಿಡಿಸುವ ಪ್ರತಿ ಜಾಗದ ಬಳಿ ಚಿಲಕವಿರುವ ಶೌಚಾಲಯ, ಒಳಗೇ ನಲ್ಲಿ, ಮುಚ್ಚಳವಿರುವ ಬುಟ್ಟಿ, ಕೈ ತೊಳೆಯುವಲ್ಲಿ ಸಾಬೂನಿನ ಜೊತೆ ಒಂದು ಬಾಟಲಿ ಎಣ್ಣೆ ಇಡುವುದು ಆ ಪೇಟೆಗೆ ಭಾರವಾದ ಖರ್ಚಲ್ಲ. ಬಟ್ಟೆಯೋ ಪ್ಯಾಡೋ ಕಪ್ಪೋ ಎಂಬುದನ್ನು ಹೆಂಗಸರು ತಾವೇ ತೀರ್ಮಾನಿಸಿಕೊಳ್ಳುತ್ತಾರೆ. ಎಣ್ಣೆ, ಸಾಬೂನು, ನೀರು, ಬಾಗಿಲು ಇವನ್ನು ಒದಗಿಸುವುದು ಅವರಿಂದ ಕೆಲಸ ಮಾಡಿಸಿಕೊಳ್ಳುವವರ ಹೊಣೆ. ಮುಂದಿನ ಹಂಗಾಮಿನ ಕಾಯಿ ಪೇಟೆಗೆ ಬರುವ ಮೊದಲೇ ಅದು ಆಗಲಿ.