ಓದುವ ಮಕ್ಕಳ ಹೊಟ್ಟೆ ಲೆಕ್ಕ

ಹೋದ ದೀಪಾವಳಿಗೆ ಮನೆಗೆ ಬಂದ ಮಗಳಿಗೆ ಹೊಸ ಬಳೆ ತೊಡಿಸಲು ಕೂತೆ. ಹಿಂದಿನ ವರ್ಷದ ಅಳತೆಯವೇ. ಆದರೆ ಬಳೆಗಳು ಮಣಿಕಟ್ಟಿನಲ್ಲಿ ನಿಲ್ಲದೆ ಮೊಣಕೈ ಕಡೆ ಜಾರಿದವು. "ಏನೇ ಇದು, ಇಷ್ಟು ಸಣ್ಣಗಾಗಿದ್ದೀಯ?" ಅಂದೆ. "ಓದು ಜಾಸ್ತಿ ಅಮ್ಮಾ" ಅಂತ ಮಾತು ತೇಲಿಸಿದಳು. ನಾನೂ ನಂಬಿದೆ. ನಂಬುವುದೇ ಸುಲಭ, ಅಲ್ಲವೇ?

ರಾತ್ರಿ ಪಾತ್ರೆ ತೊಳೆಯುವಾಗ ಮೆಲ್ಲಗೆ ನಿಜ ಹೊರಬಿತ್ತು.

ಅವಳು ಎಂ.ಎಸ್ಸಿ. ಓದುತ್ತಿರುವುದು ನಮ್ಮೂರಿನಿಂದ ಮೂರು ಗಂಟೆ ದಾರಿಯ ವಿಶ್ವವಿದ್ಯಾನಿಲಯದಲ್ಲಿ. ಹಾಸ್ಟೆಲಿಗೆ ಅರ್ಜಿ ಹಾಕಿದ್ದಳು, ಸೀಟು ಸಿಗಲಿಲ್ಲ. ನಾಲ್ವರು ಹುಡುಗಿಯರು ಸೇರಿ ಪೇಟೆಯ ಅಂಚಿನಲ್ಲಿ ಒಂದು ಕೋಣೆ ಹಿಡಿದಿದ್ದಾರೆ. ನಮ್ಮವರದು ಪುಟ್ಟ ಟೈಲರ್ ಅಂಗಡಿ. ತಿಂಗಳಿಗೆ 4,000 ರೂಪಾಯಿ ಕಳಿಸುತ್ತಿದ್ದೆವು. ಅಷ್ಟು ಕಳಿಸುವುದೇ ದೊಡ್ಡದು ಅಂದುಕೊಂಡಿದ್ದೆವು.

ಹಾಲಿನ ಲೆಕ್ಕದ ಪುಸ್ತಕದಲ್ಲೇ ಅವಳ ಲೆಕ್ಕವನ್ನೂ ಬರೆದೆ. ಬಾಡಿಗೆಯ ಪಾಲು 1,300. ಕರೆಂಟು, ನೀರು 150. ಮಧ್ಯಾಹ್ನದ ಊಟ ಐವತ್ತರಂತೆ 25 ದಿನಕ್ಕೆ 1,250. ಮೊಬೈಲಿಗೆ 300. ಜೆರಾಕ್ಸ್, ರೆಕಾರ್ಡ್ ಪುಸ್ತಕಕ್ಕೆ 400. ಉಳಿದದ್ದು 600. ಅಂದರೆ ಬೆಳಗಿನ ತಿಂಡಿಗೂ ರಾತ್ರಿಯ ಊಟಕ್ಕೂ ಸೇರಿ ದಿನಕ್ಕೆ 20 ರೂಪಾಯಿ! ಸೋಪು, ಎಣ್ಣೆ ಅದರಲ್ಲೇ ಆಗಬೇಕು. ಬೆಳಿಗ್ಗೆ ಟೀ, ಬನ್ನು. ರಾತ್ರಿ ಅನ್ನಕ್ಕೆ ಉಪ್ಪಿನಕಾಯಿ. ಕೋಣೆಯ ಇನ್ನೊಬ್ಬ ಹುಡುಗಿ ಶನಿವಾರ ಉಪವಾಸ ಅನ್ನುತ್ತಿದ್ದಳಂತೆ. ಈಗ ಸೋಮವಾರ, ಗುರುವಾರವೂ ಉಪವಾಸವಂತೆ. ಯಾವ ದೇವರ ವ್ರತ ಇದು, ನೀವೇ ಹೇಳಿ.

ಇನ್ನು ಬಸ್ಸಿನ ಕಥೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಉಚಿತವಾಯಿತು. ಅದಿಲ್ಲದಿದ್ದರೆ ಅವಳನ್ನು ಅಷ್ಟು ದೂರ ಕಳಿಸುವ ಧೈರ್ಯ ನಮಗೆ ಬರುತ್ತಿರಲಿಲ್ಲ. ಆದರೆ ಟಿಕೆಟ್ ಉಚಿತವಾದರೆ ಸಾಕೇ? ಬಸ್ಸು ನಿಲ್ಲಬೇಕಲ್ಲ! ಬೆಳಿಗ್ಗೆ ಬರುವ ಎರಡು ಬಸ್ಸೂ ತುಂಬಿ ತುಳುಕುತ್ತವೆ, ಇವರ ಸ್ಟಾಪಿನಲ್ಲಿ ನಿಲ್ಲಿಸುವುದೇ ಇಲ್ಲ. ಷೇರ್ ಆಟೋ ಹತ್ತಿದರೆ 20 ರೂಪಾಯಿ. ಅಂದರೆ ಆ ದಿನದ ತಿಂಡಿ, ರಾತ್ರಿಯ ಊಟ ಎರಡೂ ಹೋಯಿತು. ನಡೆದು ಹೋದರೆ ಮೊದಲನೇ ಪಾಠ ಹೋಯಿತು. ಬಸ್ಸಿನ ಕೊರತೆ, ಹಾಸ್ಟೆಲಿನ ಕೊರತೆ ಎಲ್ಲವೂ ಕೊನೆಗೆ ಬಂದು ಕೂರುವುದು ಮಕ್ಕಳ ಹೊಟ್ಟೆಯ ಮೇಲೇ.

ನಮ್ಮ ಮಾವನವರು ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ವಾರಕ್ಕೆ ಏಳು ಮನೆ, ದಿನಕ್ಕೊಂದು ಮನೆಯ ಊಟ. ಒಂದು ಮನೆಯವರು ಊರಿಗೆ ಹೋದರೆ ಆ ದಿನ ನೀರೇ ಗತಿ ಅಂತ ಹೇಳುತ್ತಿದ್ದರು. ಆಗ ಜಾತಿ ನೋಡಿ ಬಡಿಸುತ್ತಿದ್ದರು, ಎಲ್ಲ ಮಕ್ಕಳಿಗೂ ಆ ಅನ್ನ ಸಿಗುತ್ತಿರಲಿಲ್ಲ. ಸಿದ್ಧಗಂಗೆಯಂಥ ಮಠಗಳು, ಸರ್ಕಾರದ ಹಾಸ್ಟೆಲುಗಳು ಎಷ್ಟೋ ಬಡ ಮಕ್ಕಳಿಗೆ ಅನ್ನದ ದಾರಿ ತೋರಿದವು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆಂದು 2013ರ ಹೊತ್ತಿಗೆ ವಿದ್ಯಾಸಿರಿ ಶುರುವಾಯಿತು. ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳ ಸಹಾಯ.

ನಮ್ಮ ಮಗಳೂ ಅರ್ಜಿ ಹಾಕಿದ್ದಾಳೆ, ದುಡ್ಡು ಬಂದಿಲ್ಲ. ವಿಚಾರಿಸಿದರೆ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಮುಂದೆ, ಆಧಾರಿನಲ್ಲಿ ಹಿಂದೆ! ಆದ್ದರಿಂದ ಓದುವ ಮಕ್ಕಳಿರುವವರು ಈಗಲೇ ನೋಡಿಕೊಳ್ಳಿ: ಎರಡರಲ್ಲೂ ಹೆಸರು ಒಂದೇ ಇದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ, ಜಾತಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲ ತಾನೇ? ಅರ್ಜಿಯ ಕೊನೆ ದಿನ ಓಡಾಡಿದರೆ ಕೆಲಸ ಆಗುವುದಿಲ್ಲ.

ಈಗ ಗೃಹಲಕ್ಷ್ಮಿ ಹಣ ಕೈಗೆ ಬಂದಾಗ ಅದರಲ್ಲಿ 1,000 ರೂಪಾಯಿ ಅವಳಿಗೆ. ಜೊತೆಗೆ ಒಂದು ಡಬ್ಬ ರಾಗಿ ಹುರಿಹಿಟ್ಟು. ಬರುವ ವಿಧಾನ ಸುಲಭ: ರಾಗಿ ತೊಳೆದು ನೀರು ಬಸಿದು, ರಾತ್ರಿ ಬಟ್ಟೆಯಲ್ಲಿ ಕಟ್ಟಿಡಿ. ಬೆಳಿಗ್ಗೆ ತೇವ ಸ್ವಲ್ಪ ಆರಿದ ಮೇಲೆ, ಚೆನ್ನಾಗಿ ಕಾದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಅರಳಿಸಿ, ಬೀಸಿ ಜರಡಿ ಹಿಡಿಯಿರಿ. ಹಾಲು ಬೆಲ್ಲಕ್ಕೂ ಸರಿ, ಉಪ್ಪು ಹಾಕಿದ ಮಜ್ಜಿಗೆಗೂ ಸರಿ. ಒಲೆ ಹಚ್ಚುವುದೇ ಬೇಡ.

ಮೊದಲೆಲ್ಲ ಫೋನಿನಲ್ಲಿ "ಟೆಸ್ಟ್ ಹೇಗಾಯ್ತು?" ಅಂತಲೇ ಕೇಳುತ್ತಿದ್ದೆ. ಈಗ "ಬೆಳಿಗ್ಗೆ ಏನು ತಿಂದೆ?" ಅಂತ ಕೇಳುತ್ತೇನೆ. ನೀವೂ ಕೇಳಿ ನೋಡಿ. ನಮ್ಮ ಕಷ್ಟ ಕಂಡ ಮಕ್ಕಳು ತಾವಾಗಿ ಬಾಯಿ ಬಿಡುವುದಿಲ್ಲ.

ಮೊನ್ನೆ ಅವಳೇ ಫೋನು ಮಾಡಿದಳು. "ಅಮ್ಮಾ, ಹುರಿಹಿಟ್ಟು ಖಾಲಿ." "ತಿಂಗಳಿಗಾಗುವಷ್ಟು ಕಳಿಸಿದ್ದೆನಲ್ಲೇ!" ಅಂದೆ. "ನಾಲ್ಕು ಜನ ತಿಂದ್ವಿ ಅಮ್ಮಾ, ಆ ಉಪವಾಸದವಳೂ ತಿಂದಳು" ಅಂದಳು.

ಈ ಸಲ ನಾಲ್ಕು ಸೇರು ರಾಗಿ ತೊಳೆದಿಟ್ಟಿದ್ದೇನೆ.