ಎಂಜಿನ್ ಬೋರ್ ಮಾಡಿಸಬೇಕೋ, ಬದಲಿಸಬೇಕೋ?

ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಹಳೆಯ ಮಾರುತಿ 800 ಏರಿನಲ್ಲಿ ಸೋತರೆ, ದೊಡ್ಡ ಎಂಜಿನ್ ಕೂಡಿಸಿ ಸ್ಪೋರ್ಟ್ಸ್ ಕಾರ್ ಮಾಡೋಣ ಎನಿಸುವುದು ಸಹಜ. ಮೊದಲು ಗ್ಯಾರೇಜಿನಲ್ಲಿ ಮೂರೂ ಸಿಲಿಂಡರುಗಳ ಕಂಪ್ರೆಷನ್ ನೋಡಿಸಿ. ಒತ್ತಡ ಕಡಿಮೆಯಿದ್ದು, ಸ್ವಲ್ಪ ಆಯಿಲ್ ಬಿಟ್ಟಾಗ ಏರಿದರೆ ರಿಂಗ್ ಅಥವಾ ಸಿಲಿಂಡರ್ ಸವೆದಿರುತ್ತದೆ. ಏರದಿದ್ದರೆ ವಾಲ್ವ್ ಸೋರುತ್ತಿರಬಹುದು.

ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದರೆ 796 ಸಿಸಿಯ ಮೂಲ ಶಕ್ತಿ ಮರಳುತ್ತದೆ. ದೊಡ್ಡ ಎಂಜಿನ್ ಅದಕ್ಕಿಂತ ಹೆಚ್ಚು ಕೊಡುತ್ತದೆ ನಿಜ. ಆದರೆ ಗೇರ್‌ಬಾಕ್ಸ್, ರೇಡಿಯೇಟರ್, ಬ್ರೇಕ್ ಅದಕ್ಕೆ ಹೊಂದಬೇಕು.

ಇನ್ನೊಂದು ಮಾತು: ಎಂಜಿನ್ ನಂಬರ್, ಸಿಸಿ ಆರ್‌ಸಿಯಲ್ಲಿ ದಾಖಲಾಗಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು. ಮನೆಮಂದಿ ಕೂರುವ ಕಾರಿಗೆ ಬೋರ್ ಕೆಲಸವೇ ಸಾಕು.