ಕಾರಿನ ಮೀಟರು ರಾತ್ರಿ ಬೆಳಗುವುದು ಹೇಗೆ?

ರಾತ್ರಿಯ ಹೊತ್ತು ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಪ್ರಯಾಣ ಮಾಡಿದ ವಿದ್ಯಾರ್ಥಿಗಳೆಲ್ಲ ಒಂದು ಸಂಗತಿಯನ್ನು ಗಮನಿಸಿರಬಹುದು. ಹೊರಗೆ ಕಗ್ಗತ್ತಲೆ, ಒಳಗೂ ಕತ್ತಲೆಯೇ. ಚಾಲಕನ ಎದುರಿಗೆ ಮಾತ್ರ ಕೆಲವು ಅಂಕಿಗಳೂ ಒಂದೆರಡು ಮುಳ್ಳುಗಳೂ ಮಂದವಾಗಿ ಬೆಳಗುತ್ತಿರುತ್ತವೆ. ವೇಗ ಎಷ್ಟು, ಎಣ್ಣೆ ಎಷ್ಟು ಉಳಿದಿದೆ, ಎಂಜಿನು ಎಷ್ಟು ಕಾದಿದೆ ಎಂಬುದನ್ನು ಅವು ಹೇಳುತ್ತವೆ. ಈ ಬೆಳಕು ಎಲ್ಲಿಂದ ಬರುತ್ತದೆ, ಅದನ್ನು ಬದಲಾಯಿಸಿ ಹೊಸ ಬಗೆಯ ಹೊಳೆಯುವ ತಟ್ಟೆಯನ್ನು ಕೂರಿಸುವುದು ಹೇಗೆ, ಹಾಗೆ ಕೂರಿಸುವಾಗ ಯಾವುದಕ್ಕೆ ಎಚ್ಚರ ಬೇಕು ಎಂಬುದನ್ನು ಇಲ್ಲಿ ತಿಳಿಸಲು ಯತ್ನಿಸಿದೆ.

ಮೊದಲು ಎರಡು ತಪ್ಪು ಹೆಸರುಗಳ ವಿಚಾರ. ಆಟೋರಿಕ್ಷಾ, ಲಾರಿಗಳ ಹಿಂದೆ ಅಂಟಿಸುವ ಕೆಂಪು ಹಳದಿ ಪಟ್ಟಿಗಳಿಗೆ ನಮ್ಮ ಜನ ‘ರೇಡಿಯಂ’ ಎನ್ನುತ್ತಾರೆ. ಅವುಗಳಲ್ಲಿ ರೇಡಿಯಂ ಎಳ್ಳಷ್ಟೂ ಇಲ್ಲ. ಅತಿ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಮೈತುಂಬ ಇರುವುದರಿಂದ ಹಿಂದಿನ ವಾಹನದ ದೀಪದ ಬೆಳಕು ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ, ಅಷ್ಟೆ. ಹಾಗೆಯೇ ಕಾರಿನ ಅಲಂಕಾರ ಸಾಮಗ್ರಿಗಳ ಅಂಗಡಿಯಲ್ಲಿ ಹೊಳೆಯುವ ಮೀಟರು ತಟ್ಟೆಗಳನ್ನು ‘ಪ್ಲಾಸ್ಮಾ’ ಎಂದು ಮಾರಿದ್ದುಂಟು. ಅದರಲ್ಲಿ ಪ್ಲಾಸ್ಮಾ ಇಲ್ಲ. ಆದರೆ ನಿಜವಾದ ರೇಡಿಯಂ ಮೀಟರುಗಳಲ್ಲಿದ್ದ ಕಾಲ ಒಂದಿತ್ತು. ಆ ಕಥೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಕ್ಯೂರಿ ದಂಪತಿಗಳು ರೇಡಿಯಂ ಕಂಡುಹಿಡಿದದ್ದು 1898ರಲ್ಲಿ. ಸತುವಿನ ಸಲ್ಫೈಡು ಎಂಬ ಪುಡಿಗೆ ಲೇಶಮಾತ್ರ ರೇಡಿಯಂ ಬೆರೆಸಿದರೆ ಅದು ಹಗಲಿರುಳೂ ತಾನಾಗಿ ಹಸಿರಾಗಿ ಹೊಳೆಯುತ್ತದೆ. ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಸೈನಿಕರ ಕೈಗಡಿಯಾರಗಳಿಗೂ ವಿಮಾನದ ಮಾಪಕಗಳಿಗೂ ಈ ಬಣ್ಣ ಬಳಿಯುವ ಕೆಲಸ ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನಲ್ಲಿ 1917ರಲ್ಲಿ ಶುರುವಾಯಿತು. ಕೆಲಸಕ್ಕೆ ಬಂದವರು ಹೆಚ್ಚಿನವರೂ ಎಳೆಯ ವಯಸ್ಸಿನ ಹೆಣ್ಣುಮಕ್ಕಳು. ಅಂಕಿಯ ಗೆರೆ ಸಣ್ಣದಾಗಿ ಬರಬೇಕಾದರೆ ಕುಂಚದ ತುದಿ ಚೂಪಾಗಿರಬೇಕಲ್ಲವೆ? ಅದನ್ನು ತುಟಿಗಳ ನಡುವೆ ಇಟ್ಟು ಚೂಪು ಮಾಡಲು ಅವರಿಗೆ ಕಲಿಸಲಾಗಿತ್ತು. ಹಾಗೆ ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ ರೇಡಿಯಂ ಹೊಟ್ಟೆಗೆ ಹೋಯಿತು. ಶರೀರವು ಅದನ್ನು ಸುಣ್ಣದ ಅಂಶವೆಂದೇ ತಿಳಿದು ಎಲುಬುಗಳಲ್ಲಿ ಸೇರಿಸಿಕೊಂಡಿತು. ಹಲ್ಲುಗಳು ಉದುರಿದವು, ದವಡೆಯ ಎಲುಬು ಕೊಳೆಯಿತು, ಅನೇಕರು ಸತ್ತರು. 1927ರಲ್ಲಿ ಐವರು ಹೆಂಗಸರು ನ್ಯಾಯಾಲಯಕ್ಕೆ ಹೋದರು. 1928ರಲ್ಲಿ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಕಾರ್ಮಿಕರ ಆರೋಗ್ಯಕ್ಕೆ ಉದ್ಯಮವು ಹೊಣೆಯೆಂಬ ವಿಚಾರಕ್ಕೆ ಆ ಮೊಕದ್ದಮೆ ದೊಡ್ಡ ಬಲ ಕೊಟ್ಟಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಗುಜರಿ ಅಂಗಡಿಯಲ್ಲಿ ಹಳೆಯ ಮಿಲಿಟರಿ ಮಾಪಕವೋ ಹಳೆಯ ಕಾಲದ ಗಡಿಯಾರವೋ ಸಿಕ್ಕಿದರೆ, ಅದು ಈಗ ಹೊಳೆಯುವುದಿಲ್ಲವೆಂದು ಗಾಜು ತೆಗೆದು ಉಜ್ಜಿ ನೋಡಬಾರದು. ಹೊಳಪು ಹೋಗಿರುವುದು ಸತುವಿನ ಸಲ್ಫೈಡು ಕೆಟ್ಟದ್ದರಿಂದ. ರೇಡಿಯಂ ಎಲ್ಲಿಗೂ ಹೋಗಿಲ್ಲ. ಅದು ಅರ್ಧವಾಗಲು ಸುಮಾರು 1600 ವರ್ಷ ಬೇಕು.

ಕಾರುಗಳಲ್ಲಿ ಬಹುಕಾಲ ನಡೆದದ್ದು ಸಾದಾ ಬಲ್ಬಿನ ಕ್ರಮ. ಅಂಬಾಸಡರು, ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿ 800 ಮುಂತಾದ ಗಾಡಿಗಳಲ್ಲಿ ಮೀಟರಿನ ಹಿಂಬದಿಯಲ್ಲೋ ಅಂಚಿನಲ್ಲೋ ಪುಟ್ಟ ಬಲ್ಬುಗಳಿದ್ದು, ಅವುಗಳ ಬೆಳಕು ತಟ್ಟೆಯ ಮೇಲೆ ಹರಡುತ್ತಿತ್ತು. ಬಲ್ಬಿನ ಹತ್ತಿರ ಹೆಚ್ಚು ಬೆಳಕು, ದೂರದಲ್ಲಿ ಕಡಿಮೆ. ಒಂದು ಬಲ್ಬು ಹೋದರೆ ಅರ್ಧ ಮೀಟರು ಕತ್ತಲೆ. ಇಡೀ ತಟ್ಟೆಯೇ ಒಂದೇ ಸಮನಾಗಿ ಬೆಳಗುವಂತೆ ಮಾಡಿದರೆ ಹೇಗೆ ಎಂಬ ಆಸೆ ಹುಟ್ಟಿದ್ದು ಸಹಜವೇ.

ಅದಕ್ಕೆ ದಾರಿ ತೋರಿಸಿದವನು ಜಾರ್ಜ್ ಡೆಸ್ಟ್ರಿಯೋ ಎಂಬ ಫ್ರೆಂಚ್ ವಿಜ್ಞಾನಿ. 1936ರಲ್ಲಿ ಆತ ಅದೇ ಸತುವಿನ ಸಲ್ಫೈಡಿನ ಪುಡಿಯನ್ನು ಪ್ರಬಲವಾದ, ದಿಕ್ಕು ಬದಲಾಯಿಸುತ್ತಿರುವ ವಿದ್ಯುತ್ ಕ್ಷೇತ್ರದಲ್ಲಿಟ್ಟಾಗ ಅದು ಬೆಳಕು ಸೂಸುವುದನ್ನು ಕಂಡ. ರೇಡಿಯಂ ಬೇಡ, ಕಾದ ತಂತಿಯೂ ಬೇಡ. ಇದಕ್ಕೆ ವಿದ್ಯುದ್ದೀಪ್ತಿ ಎನ್ನೋಣ. ಇದರ ಹಾಳೆಯ ರಚನೆ ತಿಳಿಯಬೇಕಾದರೆ ನಮ್ಮ ಮನೆಯ ಪತ್ರೊಡೆಯನ್ನು ನೆನೆಸಿಕೊಂಡರೆ ಸಾಕು. ಕೆಸುವಿನ ಎಲೆಯ ಮೇಲೆ ಹಿಟ್ಟು ಹಚ್ಚಿ, ಅದರ ಮೇಲೆ ಮತ್ತೊಂದು ಎಲೆ ಇಡುತ್ತೇವಷ್ಟೆ. ಇಲ್ಲಿ ಎಲೆಗಳ ಸ್ಥಾನದಲ್ಲಿ ವಿದ್ಯುತ್ ಹರಿಯುವ ಎರಡು ತೆಳು ಪದರಗಳು. ಹಿಟ್ಟಿನ ಸ್ಥಾನದಲ್ಲಿ ಸ್ವಲ್ಪ ತಾಮ್ರ ಸೇರಿಸಿದ ಸತುವಿನ ಸಲ್ಫೈಡು. ಎದುರಿನ ಪದರ ಪಾರದರ್ಶಕ, ಆದ್ದರಿಂದ ಬೆಳಕು ಹೊರಗೆ ಬರುತ್ತದೆ. ಎರಡು ಪದರಗಳ ನಡುವೆ ವಿದ್ಯುತ್ತು ನೇರವಾಗಿ ದಾಟಿಹೋಗದಂತೆ ಒಂದು ನಿರೋಧಕ ಲೇಪವೂ ಇರುತ್ತದೆ. ಎಲ್ಲ ಸೇರಿದರೂ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ಮುಟ್ಟಿದರೆ ಬಿಸಿ ತಾಗುವುದಿಲ್ಲ. ಬೆಳಕು ಮಾತ್ರ ಮಿಣುಕು ಹುಳದ ಬೆಳಕಿನಂತೆ ತಣ್ಣಗೆ ಹರಡಿರುತ್ತದೆ.

ಅಮೆರಿಕದ ಕ್ರೈಸ್ಲರ್ ಕಾರುಗಳ ಮೀಟರುಗಳಲ್ಲಿ 1960ರಲ್ಲಿ ಈ ಬೆಳಕು ಬಂತು. 1969ರಲ್ಲಿ ಚಂದ್ರನ ಮೇಲೆ ಇಳಿದವರ ನೌಕೆಯಲ್ಲಿ ಗಣಕಯಂತ್ರದ ಅಂಕಿಗಳು ಬೆಳಗಿದ್ದೂ ಇದರಿಂದಲೇ. 1992ರಲ್ಲಿ ಟೈಮೆಕ್ಸ್ ಕೈಗಡಿಯಾರಕ್ಕೂ ಇಳಿಯಿತು. ಆಮೇಲೆ ಜಪಾನು, ಅಮೆರಿಕಗಳ ಯುವಕರಲ್ಲಿ ತಮ್ಮ ಕಾರಿನ ಕಪ್ಪು ಮೀಟರು ತಟ್ಟೆಯ ಮೇಲೆ ಬಿಳಿಯ ಹೊಳೆಯುವ ತಟ್ಟೆ ಹಾಕುವ ಗೀಳು ಹಬ್ಬಿತು, ನಮ್ಮಲ್ಲಿಗೂ ಬಂತು.

ತಟ್ಟೆ ಬದಲಾಯಿಸುವ ಮೊದಲು ಹಳೆಯ ವೇಗಮಾಪಕದ ಒಳಗೆ ಏನಿದೆ ಎಂದು ತಿಳಿದಿರಬೇಕು. ಜರ್ಮನಿಯ ಓಟೋ ಶುಲ್ಜೆ ಎಂಬಾತ 1902ರಲ್ಲಿ ಸ್ವಾಮ್ಯಹಕ್ಕಿಗೆ ಅರ್ಜಿ ಕೊಟ್ಟ ಯಂತ್ರವೇ ನೂರು ವರ್ಷ ಕಾಲ ಲೋಕವನ್ನೆಲ್ಲ ಆಳಿತು. ಗೇರ್‌ಬಾಕ್ಸಿನಿಂದ ಬರುವ ಉಕ್ಕಿನ ಕೇಬಲು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಜಪಾನಿನ ಮಾನಕದಂತೆ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಕೇಬಲು ನಿಮಿಷಕ್ಕೆ 637 ಸುತ್ತು ತಿರುಗಬೇಕು. ಅಯಸ್ಕಾಂತವನ್ನು ಮುಟ್ಟದಂತೆ ಅದರ ಸುತ್ತ ಅಲ್ಯುಮಿನಿಯಂ ಬಟ್ಟಲೊಂದು ಕವುಚಿಕೊಂಡಿದೆ. ಅಲ್ಯುಮಿನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಆದರೂ ತಿರುಗುವ ಅಯಸ್ಕಾಂತದಿಂದ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ, ಅದು ಬಟ್ಟಲನ್ನು ಜೊತೆಯಲ್ಲಿ ಎಳೆಯುತ್ತದೆ. ಕೂದಲೆಳೆಯಂಥ ಸುರುಳಿ ಸ್ಪ್ರಿಂಗೊಂದು ಅದನ್ನು ಹಿಂದಕ್ಕೆ ಎಳೆಯುತ್ತದೆ. ಎರಡೂ ಎಳೆತಗಳು ಸಮನಾದಲ್ಲಿ ಮುಳ್ಳು ನಿಲ್ಲುತ್ತದೆ. ಈ ಸ್ಪ್ರಿಂಗಿನ ನಾಜೂಕುತನವನ್ನು ನೆನಪಿನಲ್ಲಿಡಬೇಕು. ತಟ್ಟೆ ಹಾಕುವ ಕೆಲಸದ ಕಷ್ಟವೆಲ್ಲ ಇಲ್ಲಿಯೇ ಇದೆ.

ಈಗ ಕೆಲಸಕ್ಕೆ ಬರೋಣ. ಮೊದಲು ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಿಡಬೇಕು. ಆ ಬಳಿಕ ಮೀಟರಿನ ಸುತ್ತಲ ಪ್ಲಾಸ್ಟಿಕ್ ಚೌಕಟ್ಟಿನ ಸ್ಕ್ರೂಗಳನ್ನು ತೆಗೆದು, ಮೀಟರನ್ನು ಸ್ವಲ್ಪ ಮುಂದಕ್ಕೆ ಎಳೆದು, ಹಿಂದಿನಿಂದ ಕೇಬಲನ್ನೂ ತಂತಿಗಳ ಕನೆಕ್ಟರುಗಳನ್ನೂ ಬಿಡಿಸಬೇಕು. ಮೀಟರು ಕೈಗೆ ಬಂದ ಮೇಲೆ ಗಾಡಿಯ ಹತ್ತಿರ ಕೆಲಸವಿಲ್ಲ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕುಳಿತರೆ ಬಿದ್ದ ಸ್ಕ್ರೂ ಕಾಣುತ್ತದೆ. ಎದುರಿನ ಪಾರದರ್ಶಕ ಮುಚ್ಚಳ ತೆಗೆದರೆ ಮುಳ್ಳು, ತಟ್ಟೆ ಎರಡೂ ಎದುರಿಗಿರುತ್ತವೆ.

ಕೆಲವು ತಟ್ಟೆಗಳಿಗೆ ಸೀಳು ಇರುವುದರಿಂದ ಮುಳ್ಳು ಕೀಳದೆ ಅದರ ಕೆಳಗೆ ಜಾರಿಸಬಹುದು. ಅದು ಸುಲಭ. ಸೀಳಿಲ್ಲದಿದ್ದರೆ ಮುಳ್ಳನ್ನು ತೆಗೆಯಲೇಬೇಕು. ಇಲ್ಲಿ ಆತುರಪಟ್ಟವರು ಬಹಳ. ಸೊನ್ನೆಯ ಹತ್ತಿರ ಮುಳ್ಳು ಒಂದು ಪುಟ್ಟ ತಡೆಕಡ್ಡಿಗೆ ಒರಗಿ ನಿಂತಿರುತ್ತದೆ. ಸ್ಪ್ರಿಂಗು ಅದನ್ನು ಆ ಕಡ್ಡಿಗೆ ಒತ್ತಿ ಹಿಡಿದಿದೆ; ಕಡ್ಡಿ ಇಲ್ಲದಿದ್ದರೆ ಮುಳ್ಳು ಇನ್ನೂ ಕೆಳಗೆ ಹೋಗಿ ನಿಲ್ಲುತ್ತಿತ್ತು. ಆದುದರಿಂದ ಮುಳ್ಳಿನ ತುದಿಯನ್ನು ಮೆಲ್ಲಗೆ ಎತ್ತಿ ಕಡ್ಡಿಯ ಆಚೆಗೆ ದಾಟಿಸಿ, ಅದು ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಸಣ್ಣ ಕಾಗದದ ಪಟ್ಟಿ ಅಂಟಿಸಿ ಗುರುತು ಮಾಡಬೇಕು. ಆ ಮೇಲೆ ತಟ್ಟೆಗೆ ಗೀರು ಬೀಳದಂತೆ ರಟ್ಟಿನ ತುಂಡು ಇಟ್ಟು, ಎರಡು ಚಮಚಗಳ ತುದಿಯಿಂದ ಮುಳ್ಳಿನ ಬುಡವನ್ನು ಎರಡೂ ಕಡೆ ಸಮವಾಗಿ ಮೇಲಕ್ಕೆತ್ತಬೇಕು. ಒಂದೇ ಕಡೆ ಎತ್ತಿದರೆ ಒಳಗಿನ ಕಡ್ಡಿ ಬಾಗುತ್ತದೆ. ಬಾಗಿದ ಮೀಟರು ಮತ್ತೆ ಸರಿ ಹೇಳುವುದಿಲ್ಲ. ಹೊಸ ತಟ್ಟೆಯನ್ನು ಹಳೆಯದರ ಮೇಲೆಯೇ ಕೂರಿಸಿ, ಎಚ್ಚರಿಕೆ ದೀಪಗಳ ಕಿಂಡಿಗಳು ಮುಚ್ಚಿಹೋಗಿಲ್ಲವೆಂದು ನೋಡಿಕೊಂಡು, ಮುಳ್ಳನ್ನು ಗುರುತಿನ ನೇರಕ್ಕೇ ಒತ್ತಿ, ತುದಿಯನ್ನು ಕಡ್ಡಿಯ ಈಚೆಗೆ ದಾಟಿಸಬೇಕು. ಎಣ್ಣೆಯ ಮುಳ್ಳಿಗೂ ಶಾಖದ ಮುಳ್ಳಿಗೂ ಹೀಗೆಯೇ ಮೊದಲೇ ಗುರುತು ಬೇಕು.

ಮುಳ್ಳು ತುಸು ಆಚೀಚೆಯಾದರೆ ಏನು ಮಹಾ ಎನ್ನಬಹುದು. ಲೆಕ್ಕ ಹಾಕಿ ನೋಡೋಣ. 0ಯಿಂದ 140ರ ತನಕ ಅಂಕಿಗಳು 240 ಅಂಶ ಕೋನದಲ್ಲಿ ಹರಡಿವೆ ಎಂದಿಟ್ಟುಕೊಳ್ಳಿ. ಮುಳ್ಳು 12 ಅಂಶ ತಪ್ಪಿ ಕೂತಿತು. ಅಂದರೆ ಗಡಿಯಾರದಲ್ಲಿ ಎರಡು ನಿಮಿಷದಷ್ಟು ಮಾತ್ರ. ವೇಗದಲ್ಲಿ ಅದು 7 ಕಿಲೋಮೀಟರಿನ ತಪ್ಪು. ಮೀಟರು 50 ಎಂದು ತೋರಿಸುವಾಗ ಗಾಡಿ ನಿಜವಾಗಿ 57ರಲ್ಲಿ ಓಡುತ್ತಿರಬಹುದು. ಬ್ರೇಕು ಒತ್ತಿದ ಮೇಲೆ ಗಾಡಿ ನಿಲ್ಲುವ ದೂರ ವೇಗದ ವರ್ಗಕ್ಕೆ ಅನುಪಾತದಲ್ಲಿದೆಯೆಂದು ನೀವು ಓದಿದ್ದೀರಿ. 57ರ ವರ್ಗ 3249, 50ರ ವರ್ಗ 2500. ನಿಲ್ಲುವ ದೂರ ನೂರಕ್ಕೆ ಮೂವತ್ತರಷ್ಟು ಹೆಚ್ಚಾಯಿತು! ಶಾಲೆ ಬಿಡುವ ಹೊತ್ತಿನಲ್ಲಿ ರಸ್ತೆ ದಾಟುವ ಮಕ್ಕಳಿಗೆ ಆ ಮೂವತ್ತು ಬಹಳ ದೊಡ್ಡದು. ವಾಹನಕ್ಕೆ ವೇಗಮಾಪಕ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳಿರುವುದು ಅಲಂಕಾರಕ್ಕಾಗಿ ಅಲ್ಲ.

ಸರಿಯಾಗಿದೆಯೇ ಎಂದು ತಿಳಿಯಲು ಹಣ ಬೇಡ. ಕಿಲೋಮೀಟರು ಕಲ್ಲುಗಳಿರುವ ನೇರ ರಸ್ತೆಯಲ್ಲಿ, ವಾಹನಗಳ ಗದ್ದಲ ಇಲ್ಲದಾಗ, ಚಾಲಕನು ಮುಳ್ಳನ್ನು 50ರಲ್ಲಿ ನಿಲ್ಲಿಸಿ ಓಡಿಸಲಿ. ಪಕ್ಕದಲ್ಲಿ ಕುಳಿತವರು ಗಡಿಯಾರ ನೋಡಲಿ. ಕಲ್ಲಿನಿಂದ ಕಲ್ಲಿಗೆ 72 ಸೆಕೆಂಡು ಆಗಬೇಕು. 63 ಸೆಕೆಂಡಿಗೇ ಮುಂದಿನ ಕಲ್ಲು ಬಂದರೆ ಮುಳ್ಳು ಸುಳ್ಳು ಹೇಳುತ್ತಿದೆ, ಮೇಲೆ ಹೇಳಿದ 57ರ ಲೆಕ್ಕ ಅದೇ. ಉಪಗ್ರಹದ ಸಂಕೇತದಿಂದ ವೇಗ ತೋರಿಸುವ ಮೊಬೈಲ್ ಫೋನಿನಿಂದಲೂ ತಾಳೆ ನೋಡಬಹುದು. ಫೋನು ಚಾಲಕನ ಕೈಯಲ್ಲಿ ಇರಬಾರದು.

ಇನ್ನು ವಿದ್ಯುತ್ತಿನ ಭಾಗ. ಕಾರಿನ ಬ್ಯಾಟರಿ ಕೊಡುವುದು 12 ವೋಲ್ಟಿನ ನೇರ ವಿದ್ಯುತ್ತು. ಹೊಳೆಯುವ ಹಾಳೆಗೆ ಬೇಕಾದದ್ದು ಸುಮಾರು 100 ವೋಲ್ಟಿನ, ಸೆಕೆಂಡಿಗೆ ನೂರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತು. ಆದ್ದರಿಂದ ತಟ್ಟೆಯ ಜೊತೆ ಬೆಂಕಿಪೆಟ್ಟಿಗೆಯಷ್ಟರ ಇನ್ವರ್ಟರೊಂದು ಬರುತ್ತದೆ. ಕರೆಂಟು ಹೋದಾಗ ಮನೆಯಲ್ಲಿ ಫ್ಯಾನು ತಿರುಗಿಸುವ ಇನ್ವರ್ಟರಿನ ಕಿರಿಯ ತಮ್ಮನೆನ್ನಬಹುದು. ಅದರ ತಂತಿಯನ್ನು ಪಾರ್ಕಿಂಗ್ ದೀಪ ಹಾಕಿದಾಗ ಮಾತ್ರ ವಿದ್ಯುತ್ ಬರುವ, ಫ್ಯೂಸಿನ ರಕ್ಷಣೆಯಿರುವ ತಂತಿಗೆ ಸೇರಿಸಬೇಕು. ಟೆಸ್ಟರು ಬಲ್ಬು ಹಿಡಿದು ಹುಡುಕಿದರೆ ಸಿಗುತ್ತದೆ. ಫ್ಯೂಸು ತಪ್ಪಿಸಿ ಬ್ಯಾಟರಿಗೇ ನೇರವಾಗಿ ಕಟ್ಟುವುದು ಡ್ಯಾಶ್‌ಬೋರ್ಡಿನ ಒಳಗೆ ಬೆಂಕಿಗೆ ಜಾಗ ಕೊಟ್ಟಂತೆ. ತಟ್ಟೆ ಜೋಡಿಸದೆ ಖಾಲಿ ಇನ್ವರ್ಟರಿಗೆ ವಿದ್ಯುತ್ ಕೊಟ್ಟರೆ ಅದು ಕೆಡುವುದುಂಟು. ಬೆಳಗುತ್ತಿರುವಾಗ ತಟ್ಟೆಯ ತಂತಿ ಮುಟ್ಟಿದರೆ ಕೈಗೆ ಚುರುಕ್ಕೆನ್ನುವ ಏಟು ಬೀಳುತ್ತದೆ. ಸಣ್ಣದಾಗಿ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಂತಹ ಸದ್ದು ಬಂದರೆ ಹೆದರಬೇಕಾಗಿಲ್ಲ. ಅದು ಇನ್ವರ್ಟರಿನ ಸ್ವಭಾವ. ಮಧ್ಯಮ ತರಂಗದ ರೇಡಿಯೋದಲ್ಲಿ ಕರಕರ ಕೇಳಿಸಿದರೆ ಅದನ್ನು ರೇಡಿಯೋದಿಂದ ದೂರ ಸರಿಸಿ ಕಟ್ಟಬೇಕು.

ಬೆಳಕು ಹೆಚ್ಚಾದಷ್ಟೂ ಒಳ್ಳೆಯದೆಂದು ತಿಳಿಯುವುದು ಸರಿಯಲ್ಲ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯೇ ಬೇಕು. ಆ ಹೊಂದಿಕೆ ಕೆಡಲು ಒಂದು ಕ್ಷಣದ ಪ್ರಖರ ಬೆಳಕು ಸಾಕು. ಚೆರ್ಕಳದಿಂದ ಜಾಲ್ಸೂರಿಗೆ ಹೋಗುವಂತಹ ತಿರುವುಗಳ ರಸ್ತೆಯಲ್ಲಿ, ಮೀಟರಿನ ನೀಲಿ ಬೆಳಕು ಮುಂದಿನ ಗಾಜಿನಲ್ಲಿ ಪ್ರತಿಬಿಂಬಿಸುತ್ತಿದ್ದರೆ ದಾರಿಯಂಚಿನಲ್ಲಿ ನಡೆದುಹೋಗುವವರು ಕಾಣುವುದು ತಡವಾಗುತ್ತದೆ. ಬೆಳಕು ತಗ್ಗಿಸುವ ಗುಂಡಿಯಿರುವ ಇನ್ವರ್ಟರನ್ನೇ ಆರಿಸಿ, ಓದಲು ಸಾಕಾಗುವಷ್ಟಕ್ಕೆ ಇಳಿಸಿಡುವುದು ಲೇಸು.

ಇದೆಲ್ಲ ಕೇಬಲಿನ ಮೀಟರಿರುವ ಹಳೆಯ ಗಾಡಿಗಳ ಮಾತು. ಈಗಿನ ಕಾರುಗಳಲ್ಲಿ ಮುಳ್ಳನ್ನು ತಿರುಗಿಸುವುದು ಪುಟ್ಟ ವಿದ್ಯುತ್ ಮೋಟಾರು, ಲೆಕ್ಕ ಹಾಕುವುದು ಕಂಪ್ಯೂಟರು, ಬೆಳಗಿಸುವುದು ಎಲ್‌ಇಡಿ. ಕೆಲವುದರಲ್ಲಿ ಮುಳ್ಳೇ ಇಲ್ಲ, ಬರೇ ಪರದೆ. ಅದರ ಹತ್ತಿರದಲ್ಲೇ ಗಾಳಿಚೀಲದ ತಂತಿಗಳೂ ಇರುವುದರಿಂದ ಮನೆಯಲ್ಲಿ ಬಿಚ್ಚುವುದು ತರವಲ್ಲ.

ಕೊನೆಗೆ ಆಯುಷ್ಯದ ವಿಚಾರ. ಈ ಹಾಳೆ ಬಲ್ಬಿನಂತೆ ಒಮ್ಮೆಲೇ ಆರುವುದಿಲ್ಲ. ಉರಿದ ಗಂಟೆಗಳ ಲೆಕ್ಕದಲ್ಲಿ ಮೆಲ್ಲಮೆಲ್ಲನೆ ಮಂಕಾಗುತ್ತದೆ. ಅದರ ದೊಡ್ಡ ಶತ್ರು ತೇವ. ಕತ್ತರಿಸಿದ ಅಂಚನ್ನು ಮುಚ್ಚದೆ ಬಿಟ್ಟರೆ ನಮ್ಮ ಆಟಿಯ ಮಳೆಗೆ ತೇವ ಒಳಗೆ ಇಳಿದು ಅಂಚಿನಿಂದಲೇ ಕಪ್ಪು ಮಚ್ಚೆಗಳು ಹಬ್ಬುತ್ತವೆ. ಆಗ ಮುಳ್ಳು ತೆಗೆದು, ಹೊಸ ತಟ್ಟೆಯನ್ನು ಎತ್ತಿ, ಇನ್ವರ್ಟರಿನ ತಂತಿ ಬಿಡಿಸಿದರಾಯಿತು. ಹಳೆಯ ತಟ್ಟೆಯೂ ಅದರ ಬಲ್ಬುಗಳೂ ಕೆಳಗೆ ಇದ್ದಲ್ಲೇ ಇರುತ್ತವೆ.